ಕೋಳಿಗೆ ಸಿಡುಬು ಬಂದರೆ: ಹಕ್ಕಳೆ ಮುಟ್ಟಬೇಡಿ, ಕಣ್ಣು ಬಾಯಿ ನೋಡಿ

ಕೋಳಿಗೆ ಬರುವ ಎಷ್ಟೋ ಅಂಟುರೋಗಗಳು ಯೋಚಿಸಲು ಪುರುಸೊತ್ತೇ ಕೊಡುವುದಿಲ್ಲ. ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಖಾಲಿಯಾಗುವುದೂ ಉಂಟು. ಸಿಡುಬು ಹಾಗಲ್ಲ, ಅದು ನಿಧಾನದ ಕಾಯಿಲೆ. ವೈರಸ್ ಮೈ ಸೇರಿದ ಮೇಲೆ ಗುಳ್ಳೆ ಕಾಣಲು 4ರಿಂದ 10 ದಿನ ಬೇಕು. ಒಂದು ಕೋಳಿ ಪೂರ್ತಿ ಗುಣವಾಗಲು ಮೂರರಿಂದ ಐದು ವಾರ. ಇಡೀ ಹಿಂಡನ್ನು ಸುತ್ತಿ ಮುಗಿಸಲು ತಿಂಗಳುಗಳೇ ಹಿಡಿಯಬಹುದು. ಹತ್ತು-ಇಪ್ಪತ್ತು ಕೋಳಿ ಸಾಕುವವರಿಗೆ ಈ ನಿಧಾನವೇ ಅನುಕೂಲ. ಅಷ್ಟರೊಳಗೆ ಮಾಡಬಹುದಾದ ಕೆಲಸ ಬಹಳ ಇದೆ.

ಆದರೆ ಹೆಚ್ಚಿನವರು ಆ ಸಮಯವನ್ನು ಗುಳ್ಳೆಯ ಹಿಂದೆ ಬಿದ್ದು ಕಳೆಯುತ್ತಾರೆ. ಏನಾದರೂ ಹಚ್ಚುವುದು, ಹಕ್ಕಳೆ ಕೀಳುವುದು, ಸಿಕ್ಕಿದ ಆ್ಯಂಟಿಬಯೋಟಿಕ್ ನೀರಿಗೆ ಬೆರೆಸುವುದು. ಕೋಳಿ ಸಾಯುವುದು ಜುಟ್ಟಿನ ಮೇಲಿನ ಗುಳ್ಳೆಯಿಂದ ಅಲ್ಲ. ಕಣ್ಣು ಮುಚ್ಚಿಹೋಗಿ ಕಾಳು ಕಾಣದೆ ಸಾಯುತ್ತದೆ, ಇಲ್ಲವೇ ಗಂಟಲು ಕಟ್ಟಿ ಉಸಿರಾಡಲಾಗದೆ ಸಾಯುತ್ತದೆ. ಹಾಗಾಗಿ ಶ್ರಮ ಅಲ್ಲಿ ಹಾಕಬೇಕು.

ಇದು ಸಿಡುಬೇ ಹೌದಾ?

ಪುಕ್ಕ ಇಲ್ಲದ ಜಾಗ ನೋಡಿ: ಜುಟ್ಟು, ಗದ್ದದ ಕೆಳಗಿನ ಜೋಲು, ಕಣ್ಣಿನ ರೆಪ್ಪೆ, ಕೊಕ್ಕಿನ ಮೂಲೆ. ಮೊದಲು ಸಣ್ಣ ಬಿಳಿಚಿದ ಚುಕ್ಕೆ ಕಾಣುತ್ತದೆ. ಅದು ಉಬ್ಬಿ ಹಳದಿ ಗುಳ್ಳೆಯಾಗುತ್ತದೆ. ಅಕ್ಕಪಕ್ಕದ ಗುಳ್ಳೆಗಳು ಕೂಡಿಕೊಂಡು ಒರಟು ಗಂಟಾಗುತ್ತವೆ. ಕೊನೆಗೆ ಕಂದು ಅಥವಾ ಕಪ್ಪು ಹಕ್ಕಳೆ ಕಟ್ಟುತ್ತದೆ.

ಹುಂಜಗಳು ಕಾದಾಡಿದಾಗಲೂ ಜುಟ್ಟಿನ ಮೇಲೆ ಕಪ್ಪು ಹಕ್ಕಳೆ ಆಗುತ್ತದೆ ಅಲ್ವಾ? ಆ ಗಾಯ ಚಪ್ಪಟೆಯಾಗಿರುತ್ತದೆ, ದಿನ ಕಳೆದಂತೆ ಕಡಿಮೆಯಾಗುತ್ತದೆ. ಸಿಡುಬಿನದು ಉಬ್ಬಿರುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಜಾಸ್ತಿಯಾಗಿರುತ್ತದೆ, ಇನ್ನೊಂದು ಕೋಳಿಯ ಮೇಲೂ ಕಾಣಿಸಿಕೊಂಡಿರುತ್ತದೆ. ಅನುಮಾನ ಇದ್ದರೆ ಅದೇ ಕೋಳಿಯ ಮುಖವನ್ನು ದಿನವೂ ಒಂದೇ ಕೋನದಿಂದ ಫೋಟೊ ತೆಗೆದಿಡಿ. ಪಶುವೈದ್ಯರಿಗೆ ತೋರಿಸಲೂ ಆಗುತ್ತದೆ. ಪೂರ್ತಿ ಖಚಿತ ಮಾಡಿಕೊಳ್ಳಬೇಕಾದರೆ ಅವರು ಗುಳ್ಳೆಯ ಚೂರನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ಒಮ್ಮೆಲೇ ಹಲವು ಕೋಳಿ ಸತ್ತರೆ, ಹಸಿರು ಭೇದಿ ಇದ್ದರೆ, ಕತ್ತು ತಿರುಚಿಕೊಂಡರೆ, ಮುಖ ಊದಿ ಜುಟ್ಟು ನೀಲಿಗಟ್ಟಿದರೆ, ಈ ಲೇಖನ ಪಕ್ಕಕ್ಕಿಡಿ. ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಇರಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಯಾರಿಗೂ ಕೊಡಬೇಡಿ. ಅಂದೇ ಪಶುವೈದ್ಯರಿಗೆ ತಿಳಿಸಿ. ಮುಖ ಊದಿ ಮೂಗಿನಿಂದ ನಾರುವ ಸಿಂಬಳ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಕೊರೈಜಾ ಇರಬಹುದು. ಅದರ ಔಷಧವೇ ಬೇರೆ.

ಕೋಳಿ ಸಿಡುಬು ಮನುಷ್ಯರಿಗೆ ಬರುವುದಿಲ್ಲ. ಮಕ್ಕಳು ಕೋಳಿ ಮುಟ್ಟಿದರು ಎಂದು ಗಾಬರಿಯಾಗಬೇಕಿಲ್ಲ. ಕೈ ತೊಳೆಸಿದರೆ ಸಾಕು. ಮೊಟ್ಟೆಯನ್ನೂ ತಿನ್ನಬಹುದು. ಮೊಟ್ಟೆ ಇಡುವುದು ಮಾತ್ರ ಕೆಲ ವಾರ ಕಡಿಮೆಯಾಗುತ್ತದೆ.

ಮೊದಲ ದಿನದ ಕೆಲಸ

ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಟಾರ್ಚ್ ಹಿಡಿದು ಒಂದೊಂದನ್ನೇ ಎತ್ತಿ ನೋಡಿ. ಕತ್ತಲಲ್ಲಿ ಅವು ಒದ್ದಾಡುವುದು ಕಡಿಮೆ. ಮುಖ, ಕಣ್ಣು, ಕಾಲು ನೋಡಿದ ಮೇಲೆ ಕೊಕ್ಕು ಬಿಡಿಸಿ ಬಾಯೊಳಗೂ ನೋಡಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯಾವುದಕ್ಕೆ ಏನಿದೆ ಎಂದು ಬರೆದಿಡಿ, ಕಾಲಿಗೆ ಬಣ್ಣದ ದಾರ ಕಟ್ಟಿದರೆ ಗುರುತು ಸುಲಭ.

ಗುಳ್ಳೆ ಇರುವುದನ್ನು ಬೇರೆ ಮಾಡಿ. ಆದರೆ ಬೇರೆ ಮಾಡಿದ ಕೂಡಲೇ ರೋಗ ನಿಂತಿತು ಅಂದುಕೊಳ್ಳಬೇಡಿ. ನೀವು ಮೊದಲ ಗುಳ್ಳೆ ನೋಡುವ ಹೊತ್ತಿಗೆ ಇನ್ನೂ ಎರಡು-ಮೂರು ಕೋಳಿಗೆ ವೈರಸ್ ದಾಟಿರುವ ಸಾಧ್ಯತೆ ಜಾಸ್ತಿ. ಬೇರೆ ಇಡುವುದರಿಂದ ಸಿಗುವ ನಿಜವಾದ ಲಾಭ ಬೇರೆ. ಗಾಯದ ಕೋಳಿಯನ್ನು ಉಳಿದವು ಕುಕ್ಕುವುದಿಲ್ಲ, ಅದು ಎಷ್ಟು ತಿಂದಿತು ಕುಡಿಯಿತು ಎಂದು ನಿಮಗೆ ಗೊತ್ತಾಗುತ್ತದೆ. ಕುಕ್ಕುವುದು ಸಣ್ಣ ವಿಷಯವಲ್ಲ. ಈ ವೈರಸ್ ಗಟ್ಟಿ ಚರ್ಮ ತೂರಿ ಒಳಗೆ ಹೋಗಲಾರದು. ಅದಕ್ಕೆ ಒಂದು ಗಾಯ ಬೇಕು. ಕುಕ್ಕಿದ ಗೀರು, ತಂತಿ ತರಚಿದ ಜಾಗ, ಸೊಳ್ಳೆ ಕಚ್ಚಿದ ತೂತು, ಯಾವುದಾದರೂ ಸಾಕು. ಗೂಡಿನಲ್ಲಿ ಚೂಪಾದ ತಂತಿ ತುದಿ, ಮೊಳೆ ಇದ್ದರೆ ಇವತ್ತೇ ಮಡಚಿ ಹಾಕಿ.

ಕಾಳು ನೀರು ಹಾಕುವಾಗ ಮೊದಲು ಆರೋಗ್ಯದ ಕೋಳಿ, ಆಮೇಲೆ ಕಾಯಿಲೆಯವು. ಉಲ್ಟಾ ಹೋಗಬೇಡಿ. ಎರಡೂ ಕಡೆಗೆ ಬೇರೆ ಬೇರೆ ಪಾತ್ರೆ, ಬೇರೆ ಚಪ್ಪಲಿ ಇರಲಿ.

ಕಣ್ಣು ಕಟ್ಟಿದ ಕೋಳಿಗೆ ಊಟ

ರೆಪ್ಪೆಯ ಮೇಲೆ ಗುಳ್ಳೆ ಎದ್ದರೆ ಕಣ್ಣು ಊದಿ, ಪಿಸುರು ಅಂಟಿ, ಮುಚ್ಚಿಕೊಳ್ಳುತ್ತದೆ. ಕೋಳಿ ಕಾಳು ಹುಡುಕುವುದು ಕಣ್ಣಿನಿಂದ. ಕಾಣದಿದ್ದರೆ ಎದುರಿಗೆ ಬಟ್ಟಲು ತುಂಬಾ ಇದ್ದರೂ ಸುಮ್ನೆ ನಿಂತಿರುತ್ತದೆ. ಒಂದು ಕಣ್ಣು ತೆರೆದಿದ್ದರೂ ಹೇಗೋ ನಿಭಾಯಿಸುತ್ತದೆ. ಎರಡೂ ಮುಚ್ಚಿದರೆ ಪೂರ್ತಿ ನಿಮ್ಮ ಕೈಯಲ್ಲಿದೆ.

ನೀರು ಕುದಿಸಿ ಆರಿಸಿ. ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು ಕರಗಿಸಿ. ಶುದ್ಧ ಹತ್ತಿಯನ್ನು ಅದರಲ್ಲಿ ಅದ್ದಿ ಕಣ್ಣಿನ ಮೇಲೆ ಒಂದೆರಡು ನಿಮಿಷ ಇಡಿ. ಅಂಟು ಮೆತ್ತಗಾದ ಮೇಲೆ ಒಳಮೂಲೆಯಿಂದ ಹೊರಕ್ಕೆ ಮೆಲ್ಲಗೆ ಒರೆಸಿ. ಇನ್ನೊಂದು ಕಣ್ಣಿಗೆ ಹೊಸ ಹತ್ತಿ. ದಿನಕ್ಕೆ ಎರಡು ಸಲ ಮಾಡಿ. ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ. ಮಬ್ಬು ಬಂದಿದ್ದರೆ, ಕೀವು ಇದ್ದರೆ ಕಣ್ಣಿನ ಮುಲಾಮನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಮನೆಯಲ್ಲಿ ಉಳಿದ ಹಳೆ ಟ್ಯೂಬ್ ಬೇಡ. ಸ್ಟೀರಾಯ್ಡ್ ಇರುವ ಮುಲಾಮು ಕಣ್ಣಿಗೆ ಕೇಡು ಮಾಡಬಹುದು.

ಇನ್ನು ಊಟ. ದೊಡ್ಡ ಹೇಂಟೆಗೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರ ಬೇಕು, ನೀರು ಅದರ ಎರಡು ಪಟ್ಟು. ಫೀಡನ್ನು ಬೆಚ್ಚನೆ ನೀರಿನಲ್ಲಿ ಕಲಸಿ ಮೆತ್ತಗೆ ಮಾಡಿ. ಕೊಕ್ಕಿನ ತುದಿಯನ್ನು ಅದಕ್ಕೆ ತಾಗಿಸಿ. ಒಮ್ಮೆ ರುಚಿ ಸಿಕ್ಕರೆ ಹೆಚ್ಚಿನ ಕೋಳಿಗಳು ತಾವೇ ಕುಕ್ಕತೊಡಗುತ್ತವೆ. ಬಟ್ಟಲಿನ ಜಾಗ ಬದಲಿಸಬೇಡಿ. ಕಣ್ಣು ಕಾಣದ ಕೋಳಿ ಎರಡು ದಿನದಲ್ಲಿ ಆ ಜಾಗ ಕಲಿಯುತ್ತದೆ, ನಾವು ಗುಡಿಸುವಾಗ ಪಕ್ಕಕ್ಕಿಟ್ಟುಬಿಡುತ್ತೇವೆ. ತಾನಾಗಿ ಕುಡಿಯದಿದ್ದರೆ ಡ್ರಾಪರಿನಿಂದ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ, ನುಂಗಿದ ಮೇಲೆ ಇನ್ನೊಂದು. ಬಾಯಿ ತೆರೆದು ಸಿರಿಂಜಿನಿಂದ ಪಿಚಕಾರಿ ಹೊಡೆದರೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ಸಿಡುಬಿನಿಂದ ಉಳಿಯಬೇಕಾದ ಕೋಳಿ ಹಾಗೆ ಹೋಗಿಬಿಡುತ್ತದೆ.

ಸಂಜೆ ಹೊಟ್ಟೆಚೀಲ ಮುಟ್ಟಿ ನೋಡಿ. ಎದೆಯ ಮೇಲ್ಭಾಗದಲ್ಲಿ ಬಲಕ್ಕೆ ಸಿಗುತ್ತದೆ. ತುಂಬಿದ್ದರೆ ಆ ದಿನ ಗೆದ್ದಂತೆ. ಖಾಲಿ ಇದ್ದರೆ ಇನ್ನೊಮ್ಮೆ ತಿನ್ನಿಸಿ.

ಬಾಯೊಳಗೆ ಹಳದಿ ಪೊರೆ

ಇದು ಸಿಡುಬಿನ ಕೆಟ್ಟ ರೂಪ. ನಾಲಿಗೆ, ಅಂಗುಳ, ಗಂಟಲ ಬಾಯಿಯ ಸುತ್ತ ಹಳದಿ ಗಿಣ್ಣಿನಂಥ ಪೊರೆ ಕಟ್ಟುತ್ತದೆ. ಹೊರಗೆ ಗುಳ್ಳೆ ಕಡಿಮೆ ಇದ್ದೂ ಒಳಗೆ ಇದು ಇರಬಹುದು. ಕೋಳಿ ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತದೆ, ಗೊರಗೊರ ಸದ್ದು ಬರುತ್ತದೆ. ಪೊರೆ ಶ್ವಾಸನಾಳದ ಬಾಯಿಗೆ ಬಂದರೆ ಉಸಿರು ಕಟ್ಟುತ್ತದೆ. ಹೊರಗಿನ ಸಿಡುಬಿನಲ್ಲಿ ಸಾವು ಕಡಿಮೆ, ಇದರಲ್ಲಿ ಬಹಳ ಜಾಸ್ತಿ.

ಪೊರೆಯನ್ನು ಬೆರಳಿನಿಂದ, ಕಡ್ಡಿಯಿಂದ ಕೀಳಬೇಡಿ. ಅದು ಅಡಿಯ ಮಾಂಸಕ್ಕೆ ಅಂಟಿರುತ್ತದೆ. ಕಿತ್ತರೆ ರಕ್ತ ಬರುತ್ತದೆ, ಆ ರಕ್ತವೇ ಶ್ವಾಸನಾಳಕ್ಕೆ ಇಳಿಯಬಹುದು. ಉಸಿರು ಕಟ್ಟುತ್ತಿದ್ದರೆ ಪಶುವೈದ್ಯರು ಚಿಮಟದಿಂದ ಸಡಿಲಾದ ಭಾಗವನ್ನಷ್ಟೇ ತೆಗೆಯುತ್ತಾರೆ. ಅಲ್ಲಿಯವರೆಗೆ ತೆಳ್ಳನೆ ಕಲಸಿದ ಫೀಡು, ಗಾಳಿಯಾಡುವ ಜಾಗ, ಧೂಳು ಇಲ್ಲದ ಹಾಸು. ಕೋಳಿ ನೀಲಿಗಟ್ಟಿ ಒದ್ದಾಡುತ್ತಿದ್ದು ವೈದ್ಯರೂ ಸಿಗುವ ದಾರಿ ಇಲ್ಲದಿದ್ದರೆ, ಅದನ್ನು ನೋವಿಲ್ಲದಂತೆ ಕೊನೆಗಾಣಿಸುವುದೇ ದಯೆ ಎಂದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪಲಿಕ್ಕಿಲ್ಲ.

ಆ್ಯಂಟಿಬಯೋಟಿಕ್ ವೈರಸ್ಸಿಗೆ ಕೆಲಸ ಮಾಡುವುದಿಲ್ಲ. ಗಾಯದಲ್ಲಿ ಕೀವಾದರೆ, ಉಸಿರಾಟಕ್ಕೆ ಬ್ಯಾಕ್ಟೀರಿಯಾ ಸೇರಿಕೊಂಡರೆ ವೈದ್ಯರು ಬರೆದುಕೊಡುತ್ತಾರೆ. ಆಗ ಮೊಟ್ಟೆ ಎಷ್ಟು ದಿನ ತಿನ್ನಬಾರದು ಎಂದೂ ಕೇಳಿಕೊಳ್ಳಿ.

ಹಕ್ಕಳೆಯ ವಿಷಯ

ಹಕ್ಕಳೆ ಎರಡರಿಂದ ನಾಲ್ಕು ವಾರದಲ್ಲಿ ತಾನೇ ಉದುರುತ್ತದೆ. ಕಿತ್ತರೆ ರಕ್ತ, ಕಲೆ, ಜೊತೆಗೆ ವೈರಸ್ ನೆಲಕ್ಕೆ. ಒಣಗಿದ ಹಕ್ಕಳೆಯಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಕೀವು ಕಂಡ ಕಡೆ ಮಾತ್ರ ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ ಹತ್ತಿಯಿಂದ ಒತ್ತಿ, ಕಣ್ಣಿಗೆ ತಾಗದಂತೆ. ಬೇರೇನೂ ಬೇಕಿಲ್ಲ. ಉದುರಿದ ಹಕ್ಕಳೆ ಸಿಕ್ಕರೆ ಆರಿಸಿ ಸುಟ್ಟುಬಿಡಿ.

ಸೊಳ್ಳೆ

ಕೋಳಿಯಿಂದ ಕೋಳಿಗೆ ಸಿಡುಬು ಒಯ್ಯುವುದರಲ್ಲಿ ಸೊಳ್ಳೆಯದು ದೊಡ್ಡ ಪಾತ್ರ. ಕಾಯಿಲೆಯ ಕೋಳಿಯನ್ನು ಒಮ್ಮೆ ಕಚ್ಚಿದ ಸೊಳ್ಳೆ ವಾರಗಟ್ಟಲೆ ವೈರಸ್ ಹೊತ್ತು ತಿರುಗುತ್ತದೆ. ಸೆಕೆಗಾಲದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಗೂಡಿನ ಸುತ್ತ ನಿಂತ ನೀರನ್ನು ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿದರೆ ಆ ಸರಣಿ ತುಂಡಾಗುತ್ತದೆ. ಹಳೆ ಟೈರು, ಬಕೆಟ್ಟು, ಮುಚ್ಚಳ, ಕೋಳಿ ಕುಡಿಯುವ ಬಟ್ಟಲು ಯಾವುದನ್ನೂ ಬಿಡಬೇಡಿ. ರಾತ್ರಿ ಗೂಡಿನ ಕಿಟಕಿಗೆ ಸೊಳ್ಳೆ ಪರದೆ ಕಟ್ಟಿ. ಕಾಯಿಲೆಯ ಕೋಳಿ ಇರುವ ಪಂಜರಕ್ಕೆ ಪರದೆ ಇನ್ನೂ ಮುಖ್ಯ. ಮುಚ್ಚಿದ ಗೂಡಿನೊಳಗೆ ಹೊಗೆ ಮಾತ್ರ ಹಾಕಬೇಡಿ. ಮೊದಲೇ ಉಸಿರಿಗೆ ಒದ್ದಾಡುವ ಕೋಳಿಗಳು.

ರೋಗ ಬಂದ ಮೇಲೂ ಲಸಿಕೆ

ರೋಗ ಕಾಲಿಟ್ಟ ಮೇಲೆ ಲಸಿಕೆ ಹಾಕಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಸಿಡುಬಿನಲ್ಲಿ ಪ್ರಯೋಜನ ಇದೆ, ಅದು ನಿಧಾನವಾಗಿ ಹಬ್ಬುವುದರಿಂದಲೇ. ಲಸಿಕೆಯ ಬಲ ಬರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹತ್ತರಲ್ಲಿ ಎರಡು-ಮೂರಕ್ಕಿಂತ ಹೆಚ್ಚು ಕೋಳಿಗೆ ಗುಳ್ಳೆ ಬಂದಿರದಿದ್ದರೆ ಉಳಿದವಕ್ಕೆ ಕೂಡಲೇ ಹಾಕಿಸುವುದು ಒಳ್ಳೆಯದು. ಗುಳ್ಳೆ ಬಂದವಕ್ಕೆ ಬೇಡ. ಮೊಟ್ಟೆ ಇಡುತ್ತಿರುವ ಹೇಂಟೆಗಳಿಗೆ ಹಾಕಬೇಕೇ ಎಂದು ವೈದ್ಯರನ್ನು ಕೇಳಿ ತೀರ್ಮಾನಿಸಿ.

ಹಾಕುವ ವಿಧಾನ ಬೇರೆ ಲಸಿಕೆಗಳಂತಲ್ಲ. ಲಸಿಕೆಯ ಜೊತೆ ಎರಡು ಹಲ್ಲಿನ ಸೂಜಿ ಬರುತ್ತದೆ. ಪುಡಿಗೆ ಅದರದೇ ದ್ರವ ಬೆರೆಸಿ ಕಲಸಿ. ಒಬ್ಬರು ಕೋಳಿ ಹಿಡಿದು ರೆಕ್ಕೆ ಬಿಡಿಸಲಿ. ರೆಕ್ಕೆಯ ಮುಂಭಾಗದಲ್ಲಿ ತೆಳ್ಳನೆ ಚರ್ಮದ ಮಡಿಕೆ ಇದೆ. ಅದರ ಅಡಿಯಿಂದ, ಪುಕ್ಕ ಸರಿಸಿ, ರಕ್ತನಾಳ ಮತ್ತು ಮೂಳೆ ತಪ್ಪಿಸಿ, ಲಸಿಕೆಯಲ್ಲಿ ಅದ್ದಿದ ಸೂಜಿಯನ್ನು ಒಮ್ಮೆ ಚುಚ್ಚಿ ತೆಗೆಯಿರಿ. ಅಷ್ಟೇ. ಚುಚ್ಚುವ ಮೊದಲು ಆ ಜಾಗಕ್ಕೆ ಸ್ಪಿರಿಟ್ ಹಚ್ಚಬೇಡಿ, ಲಸಿಕೆಯಲ್ಲಿರುವುದು ಜೀವಂತ ವೈರಸ್, ಸತ್ತುಹೋಗುತ್ತದೆ. ಬಿಸಿಲಿಗೆ ಇಡಬೇಡಿ. ಕಲಸಿದ್ದನ್ನು ಒಂದೆರಡು ಗಂಟೆಯೊಳಗೆ ಮುಗಿಸಿ.

ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ನಿಮ್ಮಲ್ಲಿರುವುದು ಹದಿನೈದು. ಉಳಿದದ್ದನ್ನು ನಾಳೆಗೆ ಇಡಲಾಗದು. ಅಕ್ಕಪಕ್ಕದವರೊಂದಿಗೆ ಸೇರಿ ಒಂದೇ ದಿನ ಹಾಕಿಸುವುದಾದರೆ ರೋಗ ಇಲ್ಲದ ಗೂಡಿನಿಂದ ಶುರು ಮಾಡಿ, ರೋಗ ಇರುವ ಗೂಡಿಗೆ ಕೊನೆಗೆ ಹೋಗಿ. ಪ್ರತಿ ಗೂಡಿಗೂ ಬೇರೆ ಸೂಜಿ, ಬೇರೆ ಬಟ್ಟಲಿಗೆ ಸುರಿದುಕೊಂಡ ಲಸಿಕೆ ಇರಲಿ. ಖಾಲಿ ಬಾಟಲಿಯನ್ನು ತಿಪ್ಪೆಗೆ ಎಸೆಯಬೇಡಿ. ಸುಡಿ ಇಲ್ಲವೇ ಕುದಿಸಿ.

ಏಳರಿಂದ ಹತ್ತು ದಿನದ ಮೇಲೆ ಚುಚ್ಚಿದ ಜಾಗ ನೋಡಿ. ಸಣ್ಣ ಊತ ಅಥವಾ ಹಕ್ಕಳೆ ಇದ್ದರೆ ಲಸಿಕೆ ಹಿಡಿದಿದೆ ಎಂದರ್ಥ. ಹೆಚ್ಚಿನವುಗಳಲ್ಲಿ ಏನೂ ಕಾಣದಿದ್ದರೆ ಲಸಿಕೆ ಕೆಟ್ಟಿತ್ತು, ಚುಚ್ಚಿದ್ದು ಸರಿಯಾಗಲಿಲ್ಲ, ಅಥವಾ ಆ ಕೋಳಿಗಳಿಗೆ ಮೊದಲೇ ರೋಗನಿರೋಧಕ ಶಕ್ತಿ ಇತ್ತು. ವೈದ್ಯರಿಗೆ ಹೇಳಿ, ಬೇಕಾದರೆ ಮತ್ತೆ ಹಾಕಿಸಿ.

ಗೂಡಿನ ಬಾಗಿಲು ಯಾವಾಗ ತೆರೆಯುವುದು

ಕೊನೆಯ ಕೋಳಿಯ ಕೊನೆಯ ಹಕ್ಕಳೆ ಉದುರುವವರೆಗೆ ಹೊಸ ಕೋಳಿ ತರಬೇಡಿ, ಇರುವುದನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಆಮೇಲೂ ಒಂದು ತಿಂಗಳು ಕಾಯಿರಿ. ಹಾಸು ಪೂರ್ತಿ ತೆಗೆದು ಸುಡಿ ಇಲ್ಲವೇ ಆಳವಾಗಿ ಹೂಳಿ. ಕೋಲು, ಗೋಡೆ, ಮೊಟ್ಟೆ ಪೆಟ್ಟಿಗೆ ಉಜ್ಜಿ ಸೋಪಿನ ನೀರಿನಿಂದ ತೊಳೆಯಿರಿ. ಬ್ಲೀಚ್ ಹಾಕುವುದು ಅದಾದ ಮೇಲೆ. ಕೊಳೆ ಇರುವ ಕಡೆ ಬ್ಲೀಚ್ ಸುರಿದರೆ ದಂಡ, ಹಿಕ್ಕೆಯ ಅಮೋನಿಯಾ ಜೊತೆ ಸೇರಿದರೆ ಉಸಿರಿಗೆ ಅಪಾಯದ ಅನಿಲವೂ ಏಳುತ್ತದೆ. ಕೋಳಿಗಳನ್ನು ಹೊರಗೆ ಹಾಕಿ, ಬಾಗಿಲು ತೆರೆದಿಟ್ಟು ಕೆಲಸ ಮಾಡಿ. ಪೂರ್ತಿ ಒಣಗಿದ ಮೇಲೆ ಹೊಸ ಹಾಸು ಹಾಕಿ.

ಗುಣವಾದ ಕೋಳಿಗೆ ಸಿಡುಬು ಮತ್ತೆ ಬರುವುದು ಅಪರೂಪ. ಆತಂಕ ಇರುವುದು ಹೊಸದಾಗಿ ಬರುವವುಗಳದು. ತಂದ ಕೋಳಿಯನ್ನು ಒಂದು ತಿಂಗಳು ಬೇರೆ ಇಟ್ಟು ನೋಡಿ. ಮರಿಗಳಿದ್ದರೆ ಯಾವ ವಯಸ್ಸಿನಲ್ಲಿ ಲಸಿಕೆ ಎಂದು ಲೇಬಲ್ ಓದಿ, ಸೊಳ್ಳೆ ಹೆಚ್ಚಾಗುವ ಕಾಲಕ್ಕೆ ಎರಡು ವಾರ ಮುಂಚೆಯಾದರೂ ಹಾಕಿಸಿಬಿಡಿ.