ಎಂಬತ್ತು ಅಡಿ ನವಾರದ ಮೇಲೆ ರಾಜಾ ರಾಮಣ್ಣ

ಅಣುವಿಜ್ಞಾನಿ ರಾಜಾ ರಾಮಣ್ಣನವರ ಬದುಕನ್ನು ಮಕ್ಕಳಿಗೆ ತೋರಿಸಲು ಶಾಲೆಯಲ್ಲಿ ಉದ್ದನೆಯ ನವಾರದ ಪಟ್ಟಿ ಕಟ್ಟುತ್ತೇನೆ. "ನವಾರ ಕಟ್ಟಿ ಪಾಠ ಮಾಡ್ತೀರಾ ಮೇಷ್ಟ್ರೇ?" ಎಂದು ಕೇಳಿದವರೇ ಈ ಸಲ ವಿಜ್ಞಾನ ದಿನಕ್ಕೆ ಅದೇ ನವಾರವನ್ನು ಎರಡು ದಿನದ ಮಟ್ಟಿಗೆ ಕೊಡಿ ಎಂದು ಬಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಭಾಷಣವನ್ನೇ ಮಾಡಿದ್ದೆ. ತುಮಕೂರಿನಲ್ಲಿ ಹುಟ್ಟಿದವರು ಅಣುವಿಜ್ಞಾನಿಯಾಗಿ ಕೇಂದ್ರದಲ್ಲಿ ಮಂತ್ರಿಯಾದರು ಎಂದೆ. ಮಕ್ಕಳ ತಲೆಯಲ್ಲಿ ಉಳಿದದ್ದು 'ಮಂತ್ರಿ' ಒಂದೇ. ಮರುವರ್ಷ ಫ್ಲೆಕ್ಸ್ ಮಾಡಿಸಿದೆ. ಸಾವಿರದ ಎಂಟುನೂರೋ ಏನೋ ಕೈಯಿಂದ ಹೋಯಿತು, ಗಾಳಿಗೆ ಹರಿದು ಈಗ ಸೈಕಲ್ ಶೆಡ್ಡಿನ ಮೇಲಿದೆ.

ಆಮೇಲೆ ಅವರ ಬದುಕಿನ ವರ್ಷಕ್ಕೊಂದು ಅಡಿ ಎಂದು ಲೆಕ್ಕ ಹಾಕಿದೆ. ಹುಟ್ಟಿದ 1925ರಿಂದ ತೀರಿಕೊಂಡ 2004, ಅಂದರೆ 79 ಅಡಿ. ನೈಲಾನ್ ಹಗ್ಗ ಬಿಗಿದರೆ ಜಗ್ಗಿ ಕೊನೆಯ ಗುರುತು ಎರಡು ಅಡಿ ಆಚೆ ಹೋಯಿತು. ತೆಂಗಿನ ಹುರಿಯಲ್ಲಿ ಚೀಟಿ ನಿಲ್ಲಲಿಲ್ಲ. ಕೊನೆಗೆ ಮಂಚಕ್ಕೆ ಹೆಣೆಯುವ ಹತ್ತಿ ನವಾರ ತಂದೆ, ನಾನೂರು ರೂಪಾಯಿ ಆಸುಪಾಸು. ಪಿನ್ನು ಹಿಡಿಯುತ್ತದೆ, ಜಗ್ಗುವುದಿಲ್ಲ. ಗುರುತಿಗೆ ಮಾರ್ಕರ್ ಬೇಡ, ಒಂದೇ ಒಗೆತಕ್ಕೆ ಮಾಸಿತು. ಕೆಂಪು ದಾರದಲ್ಲಿ ಹೊಲಿಸಿ.

ಮಕ್ಕಳು ಪಕ್ಕದಲ್ಲಿ ನಡೆಯುತ್ತಾ ಹೋಗಬೇಕು. 24ನೇ ಅಡಿಯಲ್ಲಿ ರಾಮಣ್ಣನವರು ಲಂಡನ್ನಿನಿಂದ ಮರಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರುತ್ತಾರೆ. 31ಕ್ಕೆ ಟ್ರಾಂಬೆಯ ಅಪ್ಸರಾ, ಭಾರತದ ಮೊದಲ ಅಣು ರಿಯಾಕ್ಟರ್. ಅಲ್ಲಿ ಜೇಡಿಮಣ್ಣಿಗೆ ಚುಚ್ಚಿದ ಬೆಂಕಿಕಡ್ಡಿ ಸಾಲು ಇಟ್ಟಿದ್ದೆ. ನಡುವಿನಿಂದ ಮೂರು ಕಡ್ಡಿ ಕಿತ್ತರೆ ಉರಿ ಅಲ್ಲಿಗೇ ನಿಲ್ಲುತ್ತದೆ, ರಿಯಾಕ್ಟರಿನಲ್ಲಿ ಸರಣಿ ಕ್ರಿಯೆಯನ್ನು ತಡೆಯುವ ನಿಯಂತ್ರಣ ಸರಳಿನ ಕೆಲಸವನ್ನು ಬೇರೆ ಹೇಳಬೇಕಾಗಿಲ್ಲ. 49ಕ್ಕೆ ಪೋಖ್ರಾನ್‌ನಲ್ಲಿ ಭಾರತದ ಮೊದಲ ಅಣುಪರೀಕ್ಷೆ, 1974ರ ಮೇ 18. ಅಲ್ಲಿ ನಾನು ಒಂದು ಪ್ರಶ್ನೆ ಕೇಳಿ ಎಲ್ಲರನ್ನೂ ಐದು ನಿಮಿಷ ನಿಲ್ಲಿಸುತ್ತೇನೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ, ನಮ್ಮ ಶಾಲೆಗೆ ಬಂದು ಕೇಳಿ.

ಅವರು ಪಿಯಾನೋ ನುಡಿಸುತ್ತಿದ್ದರು, ರಾಗಗಳ ರಚನೆಯ ಬಗ್ಗೆಯೂ ಬರೆದವರು. ಅದನ್ನು ತೋರಿಸಲು ಗಾಜಿನ ಲೋಟಗಳಿಗೆ ನೀರು ತುಂಬಿ ಸ್ವರ ಕೂಡಿಸಹೊರಟು ಮೂರು ವಾರ ಕಳೆದೆವು. ಗಾಂಧಾರ ಕೊನೆಗೂ ಸೇರಲಿಲ್ಲ, ಆದರೆ ಒಬ್ಬ ಹುಡುಗ ಮೋಹನ ರಾಗದ ಹತ್ತಿರ ಬಂದ.

65ನೇ ಅಡಿ 1990. ವಿ.ಪಿ. ಸಿಂಗ್ ಸರ್ಕಾರದಲ್ಲಿ ರಕ್ಷಣಾ ಖಾತೆ ರಾಜ್ಯ ಸಚಿವರು. ನವೆಂಬರ್‌ನಲ್ಲಿ ಸರ್ಕಾರ ಬಿತ್ತು. ಆ ಭಾಗಕ್ಕೆ ಹಳದಿ ಬಟ್ಟೆ ಹೊಲಿಸಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಅದರ ಮೇಲೆ ಗೇಣು ಇಟ್ಟು ನೋಡಿದಳು. "ಸಾರ್, ಮಂತ್ರಿಗಿರಿ ಇಷ್ಟೇನಾ?" ಎಂದವಳು ಹಿಂದಕ್ಕೆ ತಿರುಗಿ 24ರ ತನಕ ಗೇಣು ಹಾಕುತ್ತಾ ಹೋದಳು. ಮಂತ್ರಿ ಎಂಬ ಒಂದೇ ಪದ ನೆನಪಿಟ್ಟುಕೊಳ್ಳುತ್ತಿದ್ದ ಮಕ್ಕಳು ಆ ದಿನ ಅಪ್ಸರಾ ಬಗ್ಗೆ ಕೇಳಿದ್ದು ಹದಿನೈದು ಪ್ರಶ್ನೆಗಿಂತ ಕಡಿಮೆಯಿಲ್ಲ.

ಮುಂದಿನ ನವಾರ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್ ಅವರದು. ಮಂಗಳೂರಿನಲ್ಲಿ ಹುಟ್ಟಿದವರು, ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು, ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕಣಗಳ ಬೆನ್ನು ಹತ್ತಿದವರು. 1928ರಿಂದ 2016, ಅಂದರೆ 88 ಅಡಿ. ಶಾಲೆಯ ಮೊಗಸಾಲೆ ಸಾಲದು, ಬೇವಿನ ಮರದ ತನಕ ಎಳೆಯಬೇಕು.