ರಾನಕ್ ಮೂರ್ ದಾಟಿದ್ದು ಎರಡು ಸಲ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ನೋಡಲು ಹೊರಟಾಗ ನನಗಿದ್ದ ಚಿಂತೆ ಒಂದೇ. ಅಮ್ಮನಿಗೆ ದಿನಕ್ಕೊಂದು ಹೋಟೆಲ್ ಒಗ್ಗುವುದಿಲ್ಲ. ಬೆಳಗಾದರೆ ಪೆಟ್ಟಿಗೆ ಕಟ್ಟು, ಸಂಜೆಯಾದರೆ ಬಿಚ್ಚು ಅನ್ನುವ ಪ್ರವಾಸದಲ್ಲಿ ಆಕೆ ಮೂರನೇ ದಿನಕ್ಕೆ ಸುಸ್ತಾಗಿಬಿಡುತ್ತಾಳೆ. ಹಾಗಾಗಿ ರೈಲಿನಲ್ಲೇ ಉಂಡು ಮಲಗುತ್ತ ಸುತ್ತುವ ರಾಯಲ್ ಸ್ಕಾಟ್ಸ್‌ಮನ್ ರೈಲನ್ನು ಆರಿಸಿಕೊಂಡೆ. ಬಟ್ಟೆಯನ್ನು ಒಂದು ಸಲ ಬೀರುವಿನಲ್ಲಿ ನೇತುಹಾಕಿದರೆ ಇಳಿಯುವ ದಿನದವರೆಗೆ ಮತ್ತೆ ಪೆಟ್ಟಿಗೆ ಕಟ್ಟಬೇಕಿಲ್ಲ. ಖರ್ಚು ಮಾತ್ರ ಸಣ್ಣದಲ್ಲ, ತಲೆಗೆ ಸಾವಿರಾರು ಪೌಂಡ್. ನಾಲ್ಕು ವರ್ಷ ದುಡ್ಡು ಕೂಡಿಟ್ಟು ಹೋದೆವು.

ಎಡಿನ್‌ಬರಾದ ವೇವರ್ಲಿ ನಿಲ್ದಾಣದಿಂದ ಹೊರಡುವ ಈ ರೈಲಿಗೆ ಹಲವು ಮಾರ್ಗಗಳಿವೆ. 1890ರ ಫೋರ್ತ್ ಸೇತುವೆ ದಾಟಿ ಉತ್ತರಕ್ಕೆ ಹೋಗುವುದು ಒಂದು. ಗ್ಲಾಸ್ಗೋ ಬದಿಯಿಂದ ವೆಸ್ಟ್ ಹೈಲ್ಯಾಂಡ್ ಲೈನ್ ಹತ್ತಿ ಪಶ್ಚಿಮ ಕರಾವಳಿ ಮುಟ್ಟುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ. ಮೇ ತಿಂಗಳ ನಡುವೆ ಹೋದೆವು. ಆಗಸ್ಟಿನಲ್ಲಿ ಹೋದರೆ ಗುಡ್ಡಗಳ ಮೇಲೆಲ್ಲ ಹೆದರ್ ಹೂವಿನ ನೇರಳೆ ಬಣ್ಣ ಸಿಗುತ್ತದೆ ನಿಜ, ಆದರೆ ಆಗ ಮಿಜ್ ಎನ್ನುವ ಕಚ್ಚುವ ನುಸಿಗಳ ಕಾಟವೂ ಇರುತ್ತದೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ. ನನಗೆ ಆ ಬೆಳಕೇ ಮುಖ್ಯವಾಗಿತ್ತು.

ಹೊರಡುವವರಿಗೆ ಎರಡು ಮಾತು. ಕ್ಯಾಬಿನ್ ಚೆಂದ, ಅದರದೇ ಸ್ನಾನದ ಕೋಣೆಯೂ ಇದೆ, ಆದರೆ ಜಾಗ ರೈಲಿನಲ್ಲಿ ಇರುವಷ್ಟೇ. ದೊಡ್ಡ ಸೂಟ್‌ಕೇಸನ್ನು ಎಡಿನ್‌ಬರಾದ ಹೋಟೆಲಿನಲ್ಲೇ ಬಿಟ್ಟು ಕೈಚೀಲದಲ್ಲಿ ಬೇಕಾದದ್ದಷ್ಟೇ ಒಯ್ದೆವು. ಎರಡನೆಯದು ಊಟ. ನಾವು ಸಸ್ಯಾಹಾರಿಗಳು. ಬುಕ್ ಮಾಡುವಾಗಲೇ ಮೊಟ್ಟೆ, ಮೀನಿನ ಸಾರು, ಚೀಸಿಗೆ ಹಾಕುವ ಪ್ರಾಣಿಜನ್ಯ ರೆನೆಟ್ ಇವನ್ನೆಲ್ಲ ಬಿಡಿಸಿ ಬರೆದು ಕಳಿಸಿದ್ದೆ. ಬರೀ ‘ವೆಜಿಟೇರಿಯನ್’ ಅಂದರೆ ಸಾಲದು. ಸ್ಕಾಟ್ಲೆಂಡಿನ ಹ್ಯಾಗಿಸ್ ಮೂಲತಃ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶದ ತಿನಿಸು. ನಮಗೆ ಬೇಳೆ, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಬಂತು. ಕರಿಮೆಣಸಿನ ಘಾಟು ಚೆನ್ನಾಗಿತ್ತು, ಅಮ್ಮ ಇನ್ನೊಂದು ಸಲ ಹಾಕಿಸಿಕೊಂಡಳು. ಶಿಷ್ಟ ಉಡುಪಿನ ರಾತ್ರಿ ಗಂಡಸರು ಕಿಲ್ಟ್ ತೊಟ್ಟು ಬಂದರೆ ಅಮ್ಮ ರೇಷ್ಮೆ ಸೀರೆ ಉಟ್ಟಳು.

ಇನ್ನು ನೋಡುವ ವಿಷಯ. ರೈಲಿನ ಕೊನೆಯಲ್ಲಿ ಅಬ್ಸರ್ವೇಷನ್ ಕಾರ್, ಅಂದರೆ ಕೂತು ಹೊರಗಿನದನ್ನು ನೋಡುವ ಬೋಗಿ ಇದೆ, ಅದರ ತುದಿಗೆ ತೆರೆದ ಜಗಲಿ. ಪ್ರಯಾಣಿಕರು ಹೆಚ್ಚೆಂದರೆ 40 ಮಂದಿ, ಹಾಗಾಗಿ ಅಲ್ಲಿ ನೂಕುನುಗ್ಗಲಿಲ್ಲ. ನನ್ನ ಮಟ್ಟಿಗೆ ಕೊಟ್ಟ ಹಣದ ಅರ್ಧ ಆ ಜಗಲಿಗೇ ಸಲ್ಲಬೇಕು. ಕಿಟಕಿಯಲ್ಲಿ ಬೆಟ್ಟದ ಒಂದು ಪಾರ್ಶ್ವ ಕಂಡರೆ ಜಗಲಿಯಲ್ಲಿ ಎರಡೂ ಕಾಣುತ್ತವೆ, ನಡುವೆ ಈಗಷ್ಟೇ ದಾಟಿದ ಹಳಿ. ಲಾಕ್ ಲೊಮಂಡ್ ಸರೋವರ ಹಿಂದೆ ಸರಿದ ಮೇಲೆ ಟಿಂಡ್ರಮ್ ದಾಟಿ ಹಳಿ ಕುದುರೆ ಲಾಳದ ಹಾಗೆ ಬಾಗುತ್ತದೆ. ಕಣಿವೆಗೆ ನೇರ ಸೇತುವೆ ಹಾಕಲು ರೈಲ್ವೆ ಕಂಪನಿಯ ಬಳಿ ಹಣವಿರಲಿಲ್ಲ, ಸುತ್ತಿ ಬಂದರು. ಆ ತಿರುವಿನಲ್ಲಿ ಬೆನ್ ಡೋರನ್ ಬೆಟ್ಟ ಪೂರ್ತಿ ಎದುರಿಗೆ ನಿಲ್ಲುತ್ತದೆ.

“ಅಮ್ಮ, ಶಾಲು ಹೊದ್ದುಕೊಂಡು ಹೊರಗೆ ಬಾ” ಅಂತ ಕರೆದದ್ದು ಅದಾದ ಸ್ವಲ್ಪ ಹೊತ್ತಿಗೆ. ರಾನಕ್ ಮೂರ್ ಎಂಬ ವಿಶಾಲ ಜೌಗು ಬಯಲು ಶುರುವಾಗಿತ್ತು. ಮನೆಯಿಲ್ಲ, ರಸ್ತೆಯಿಲ್ಲ. ಕಂದು ಹುಲ್ಲು, ಬಂಡೆ, ಡಿಕಾಕ್ಷನ್ ಬಣ್ಣದ ನೀರಿನ ಹೊಂಡಗಳು, ಅವುಗಳ ಅಂಚಿಗೆ ಬಿಳಿ ಹತ್ತಿಯಂಥ ಜೊಂಡು. ಒಂದಷ್ಟು ಕೆಂಜಿಂಕೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. 1894ರಲ್ಲಿ ಈ ಮಾರ್ಗ ಫೋರ್ಟ್ ವಿಲಿಯಮ್ಮಿನವರೆಗೆ ತೆರೆಯಿತು. ಇಲ್ಲಿ ಜೌಗು ಎಷ್ಟು ಆಳವೆಂದರೆ ಹಾಕಿದ ಮಣ್ಣನ್ನೆಲ್ಲ ನುಂಗುತ್ತಿತ್ತಂತೆ. ಕೊನೆಗೆ ಕುರುಚಲು ಗಿಡದ ಹೊರೆಗಳು, ಮರದ ಬೇರು, ಮಣ್ಣು, ಬೂದಿ ಹಾಸಿ ಅದರ ಮೇಲೆ ಹಳಿಯನ್ನು ತೇಲಿಸಿದರು. ದುಡ್ಡು ಮುಗಿದು ಕೆಲಸ ನಿಲ್ಲುವ ಹೊತ್ತಿಗೆ ರೆಂಟನ್ ಎಂಬ, ರೈಲ್ವೆ ಕಂಪನಿಯ ನಿರ್ದೇಶಕ ತನ್ನ ಸ್ವಂತ ಹಣ ಹಾಕಿದ. ಕೂಲಿಯವರು ಅವನ ಮುಖವನ್ನು ಬಂಡೆಯಲ್ಲಿ ಕೆತ್ತಿದ್ದಾರೆ, ಅದು ರಾನಕ್ ನಿಲ್ದಾಣದಲ್ಲೇ ಇದೆ.

ನಮ್ಮ ರೈಲು ಆ ನಿಲ್ದಾಣವನ್ನು ದಾಟಿ ಮುಂದೆ ಹೋಯಿತು. “ಆ ಕಲ್ಲು ನೋಡಬೇಕಿತ್ತು ಕಣೇ” ಅಂದಳು ಅಮ್ಮ.

ರಾತ್ರಿ ಸ್ಪೀನ್ ಬ್ರಿಜ್ ಎಂಬ ಊರಿನ ನಿಲ್ದಾಣದಲ್ಲಿ ತಂಗಿದೆವು. ಈ ರೈಲು ರಾತ್ರಿ ಓಡುವುದಿಲ್ಲ, ಮಲಗುವವರಿಗಾಗಿ ನಿಲ್ಲುತ್ತದೆ. ಅಲುಗಾಟವಿಲ್ಲದ ಹಾಸಿಗೆ, ಹೊರಗೆ ನಿಶ್ಶಬ್ದ. ಅಮ್ಮ ಬೆಳಗಿನ ತನಕ ಒಂದೇ ನಿದ್ದೆ. ಮರುದಿನ ಗ್ಲೆನ್‌ಫಿನ್ನನ್‌ನ 21 ಕಮಾನುಗಳ ಕಾಂಕ್ರೀಟ್ ಸೇತುವೆ. ಅದರ ಚಿತ್ರ ಎಲ್ಲರೂ ನೋಡಿಯೇ ಇರುತ್ತಾರೆ, ಹೆಚ್ಚು ಹೇಳಬೇಕಿಲ್ಲ.

ಪ್ರವಾಸ ಮುಗಿದ ಮೇಲೆ ನಮಗೆ ಎರಡು ದಿನ ಉಳಿದಿತ್ತು. ಗ್ಲಾಸ್ಗೋದ ಕ್ವೀನ್ ಸ್ಟ್ರೀಟಿನಿಂದ ಸಾಮಾನ್ಯ ರೈಲು ಹತ್ತಿದೆವು. ಅದೇ ಹಳಿ, ಅದೇ ಬೆಟ್ಟ, ಟಿಕೆಟ್ಟಿಗೆ ಹಿಂದಿನದರ ಒಂದು ಚೂರು ಹಣ. ದಿನಕ್ಕೆ ಕೆಲವೇ ರೈಲುಗಳು, ಹಾಗಾಗಿ ವಾಪಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಬೇಕು. ರಾನಕ್‌ನಲ್ಲಿ ಇಳಿದೆವು.

ಪ್ಲಾಟ್‌ಫಾರ್ಮಿನ ಉತ್ತರದ ತುದಿಗೆ ಆ ಕಲ್ಲು. ಅಮ್ಮ ಕೈಗವಸು ತೆಗೆದು ಕೆನ್ನೆ, ಮೂಗಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಿಲ್ದಾಣದಾಚೆ ಹುಲ್ಲಿನ ಮೇಲೆ ಒಂದು ಹೆಜ್ಜೆ ಇಟ್ಟಳು. ನೆಲ ಒತ್ತಿದಲ್ಲಿ ಕುಸಿದು ಶೂ ಸುತ್ತ ಕಪ್ಪು ನೀರು ಜಿನುಗಿತು. ನನ್ನ ತೋಳು ಹಿಡಿದು ಕಾಲೆತ್ತಿಕೊಂಡವಳು, “ಇದರ ಮೇಲೇ ಅಲ್ವೇನೇ ಮೊನ್ನೆ ನಾವು ಟೀ ಕುಡೀತಾ ಹೋದದ್ದು?” ಅಂದಳು.