ಚಿಂಕಾರಕ್ಕೆ ಬೇಕಿರುವುದು ಬಯಲು: ಯಡಹಳ್ಳಿ ಅಂಚಿನ ಹೊಲದಲ್ಲಿ ನಾನು ಮಾಡಿದ್ದು

ಚಿಂಕಾರ ಎಂದರೆ ಜಿಂಕೆಯಂತೆ ಕಾಣುವ ಸಣ್ಣ ಹುಲ್ಲೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮಕ್ಕೆ ಬಂದವರು ಮೊದಲು ಕೇಳುವುದು, "ಕಾಡು ಎಲ್ಲಿದೆ?" ಅಂತ. ಅವರು ನಿಂತಿರುವುದೇ ಕಾಡಿನಲ್ಲಿ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಗುಡ್ಡ, ಬಯಲು ಸೇರಿ 96 ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗವನ್ನು 2016ರಲ್ಲಿ ಧಾಮ ಎಂದು ಘೋಷಿಸಿದರು. ರಾಜ್ಯದಲ್ಲಿ ಚಿಂಕಾರಕ್ಕೆಂದೇ ಆದ ಮೊದಲ ಧಾಮ ಇದು. ಇಲ್ಲಿ ಎತ್ತರದ ಮರಗಳಿಲ್ಲ. ಬಾರಿ ಕಂಟಿ, ತಂಗಡಿ, ಕವಳಿ, ಕಗ್ಗಲಿ, ನಡುನಡುವೆ ಕರಡದ ಹುಲ್ಲು, ಕಲ್ಲು. ತೋಳ, ಕತ್ತೆಕಿರುಬ, ನರಿ, ಮೊಲ, ಗೌಜಲು ಎಲ್ಲವೂ ಬದುಕುವುದು ಈ ಕುರುಚಲಿನಲ್ಲೇ. ಸರ್ಕಾರಿ ಲೆಕ್ಕದಲ್ಲಿ ಮಾತ್ರ ಇಂಥ ಕುರುಚಲು ಬಯಲು ಪಾಳು ಭೂಮಿಯ ಸಾಲಿಗೆ ಬರುತ್ತದೆ. ಇದು ನನಗೆ ಇವತ್ತಿಗೂ ಸಂಕಟದ ವಿಷಯ.

ಧಾಮದ ಅಂಚಿಗೆ ನಮ್ಮ ಮನೆತನದ ಗರಸು (ಕಲ್ಲು ಮಿಶ್ರಿತ ಮಣ್ಣಿನ) ಹೊಲ ಇದೆ. ನಮ್ಮ ಕಡೆ ಮಳೆಯೇ ಕಡಿಮೆ. ಗರಸಿನಲ್ಲಿ ಸಜ್ಜೆ, ಹುರುಳಿ ಬಿಟ್ಟರೆ ಏನೂ ಕೈ ಹಿಡಿಯುತ್ತಿರಲಿಲ್ಲ. ಉಳುಮೆ ಬಿಟ್ಟ ಮೇಲೆ ಪೀಕಜಾಲಿ, ಅಂದರೆ ಬಳ್ಳಾರಿ ಜಾಲಿಯ ಮುಳ್ಳುಗಿಡ, ನುಗ್ಗಿತು. ಧಾಮದೊಳಗೆ ಏನು ಮಾಡಬೇಕು ಎನ್ನುವುದು ಅರಣ್ಯ ಇಲಾಖೆಗೆ ಸೇರಿದ್ದು. ಆದರೆ ಚಿಂಕಾರಕ್ಕೆ ಗಡಿ ಕಲ್ಲು ಎಲ್ಲಿದೆ ಅಂತ ಗೊತ್ತಿಲ್ಲ, ಅಲ್ವಾ? ಅದು ಮೇಯಲು ಹೊರಗೂ ಬರುತ್ತದೆ. ಹಾಗಾಗಿ ನಮ್ಮ ಹೊಲವನ್ನು ಅದಕ್ಕೆ ಒಗ್ಗುವ ಬಯಲಾಗಿ ಇಡೋಣ ಅಂತ ತೀರ್ಮಾನ ಮಾಡಿದೆ.

ಮೊದಲು ಪ್ರಾಣಿ ಏನು ಕೇಳುತ್ತದೆ ಅಂತ ನೋಡಬೇಕು. ಚಿಂಕಾರ ಸಣ್ಣ ಪ್ರಾಣಿ, ತೂಕ ಇಪ್ಪತ್ತು-ಇಪ್ಪತ್ತೈದು ಕಿಲೋ. ಅದರ ರಕ್ಷಣೆ ಇರುವುದು ಕಣ್ಣು ಮತ್ತು ಕಾಲಿನಲ್ಲಿ. ಅನುಮಾನ ಬಂದರೆ ಮುಂಗಾಲು ನೆಲಕ್ಕೆ ಬಡಿದು, ಮೂಗಿನಿಂದ ಸೀನಿದಂತೆ ಸದ್ದು ಮಾಡಿ ಓಡುತ್ತದೆ. ದೂರ ಕಾಣದಿದ್ದರೆ ಈ ಉಪಾಯ ನಡೆಯುವುದಿಲ್ಲ. ಪೀಕಜಾಲಿ ಒತ್ತಾಗಿ ಬೆಳೆದ ಕಡೆ ಅದು ಕಾಲಿಡುವುದು ಕಡಿಮೆ. ನೀರಿನ ಚಿಂತೆಯೂ ಅದಕ್ಕೆ ಅಷ್ಟಿಲ್ಲ. ಎಲೆ, ಕಾಯಿ, ಹುಲ್ಲಿನ ಮೇಲಿನ ಇಬ್ಬನಿಯಿಂದಲೇ ಎಷ್ಟೋ ದಿನ ತಳ್ಳುತ್ತದೆ. ಅದಕ್ಕೇ ನಾನು ಹೊಂಡ ತೋಡಿಸಲಿಲ್ಲ. ಬೇಸಿಗೆಯಲ್ಲಿ ಬಯಲಿನ ನಡುವೆ ದೊಡ್ಡ ನೀರು ನಿಂತರೆ ಮೊದಲು ಬಂದು ಠಿಕಾಣಿ ಹೂಡುವುದು ದನ ಮತ್ತು ನಾಯಿ.

ಹಾಗಾಗಿ ಕೆಲಸ ಎಂದರೆ ಮುಖ್ಯವಾಗಿ ಪೀಕಜಾಲಿ ತೆಗೆಯುವುದು. ಇದು ಅಮೆರಿಕ ಖಂಡದಿಂದ ಬಂದ ಗಿಡ, 19ನೇ ಶತಮಾನದಲ್ಲಿ ಬರಗಾಲಕ್ಕೆ ಆಗುತ್ತದೆ ಅಂತ ತಂದು ಹಾಕಿದ್ದು. ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಐದಾರು ಚಿಗುರುತ್ತವೆ. ಕೊಡಲಿ ಬಿಟ್ಟು ಗುದ್ದಲಿ, ಹಾರೆ ಹಿಡಿಯಬೇಕು. ಬುಡದ ಸುತ್ತ ಮೊಳದಷ್ಟು ಆಳ ಬಿಡಿಸಿ, ಬೇರಿನ ಗಂಟಿನ ಕೆಳಗೆ ಕತ್ತರಿಸಿದರೆ ಮಾತ್ರ ಸಾಯುತ್ತದೆ. ಸಸಿಗಳನ್ನು ಮೊದಲ ಮಳೆ ಬಿದ್ದ ಮೇಲೆ ನೆಲ ಮೆತ್ತಗಿರುವಾಗ ಕೈಯಿಂದಲೇ ಕೀಳಬಹುದು. ಬೇಸಿಗೆಯಲ್ಲಿ ಕಾಯಿ ಹಣ್ಣಾಗುತ್ತವೆ. ಮೇಕೆ, ಕುರಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಆದ್ದರಿಂದ ಕಾಯಿ ಬಿಡುವ ದೊಡ್ಡ ಗಿಡಗಳನ್ನು ಬೇಸಿಗೆಗೆ ಮೊದಲೇ ತೆಗೆಯುವ ಪದ್ಧತಿ ಇಟ್ಟುಕೊಂಡೆ.

ಒಂದೇ ಸಲ ಇಡೀ ಹೊಲ ಬೋಳು ಮಾಡಲಿಲ್ಲ. ಜೆಸಿಬಿಯನ್ನೂ ಕರೆಯಲಿಲ್ಲ. ಅದು ಬಾರಿ, ಕವಳಿಯನ್ನೂ ಸೇರಿಸಿ ಗೋರುತ್ತದೆ, ಮೇಲ್ಮಣ್ಣು ಹೋಗುತ್ತದೆ. ವರ್ಷಕ್ಕೆ ಹೊಲದ ಒಂದು ಉದ್ದ ಪಟ್ಟಿಯಲ್ಲಿ ಮಾತ್ರ ಕೀಳುತ್ತೇನೆ. ಮೊಲ, ನರಿಗೆ ಅಡಗಲು ಮರೆ ಬೇಕು, ಅದಕ್ಕಾಗಿ ಉಳಿದ ಪಟ್ಟಿ ಹಾಗೇ ಇರುತ್ತದೆ. ಇನ್ನೊಂದು ಕಾರಣ ಉರುವಲು. ಪಕ್ಕದ ಓಣಿಯ ಅಜ್ಜಿ ಕೇಳಿದ್ದಳು, "ಪೀಕಜಾಲಿ ಪೂರಾ ತಗದ್ರ ಒಲೀಗೆ ಏನ್ ಹಾಕೂದು ತಮ್ಮಾ?" ಸರಿಯಾದ ಪ್ರಶ್ನೆ. ಕಿತ್ತ ಕಟ್ಟಿಗೆ ಊರಿಗೇ ಹೋಗುತ್ತದೆ. ಇದರಿಂದ ಜನ ಧಾಮದೊಳಗಿನ ಕಂಟಿಗೆ ಕೈ ಹಾಕುವುದು ಅಷ್ಟಾದರೂ ತಪ್ಪುತ್ತದೆ.

ಬಿಡಿಸಿದ ಜಾಗ ಖಾಲಿ ಬಿಟ್ಟರೆ ಮತ್ತೆ ಪೀಕಜಾಲಿಯೇ ಏಳುತ್ತದೆ. ದೀಪಾವಳಿ ಆಸುಪಾಸಿನಲ್ಲಿ ನಮ್ಮ ಬದುಗಳ ಮೇಲೆ ಕರಡ ತೆನೆ ಒಣಗುತ್ತದೆ. ಅದರ ಬೀಜ ಉಜ್ಜಿ, ಚೀಲದಲ್ಲಿಟ್ಟು, ಮಿರಗದ (ಮೃಗಶಿರಾ) ಮಳೆಗೆ ಮೊದಲು ಮಣ್ಣು, ಸೆಗಣಿ ಪುಡಿ ಬೆರೆಸಿ ಎರಚುತ್ತೇನೆ. ಉಳುವುದಿಲ್ಲ, ಮುಳ್ಳಿನ ಕೊಂಬೆ ಎಳೆದು ನೆಲ ಸ್ವಲ್ಪ ಗೀಚಿದರೆ ಸಾಕು. ಹುಲ್ಲು ಹಿಡಿದ ಮೇಲೆ ಗೊತ್ತಾಗುತ್ತದೆ, ಮಳೆ ನೀರು ಕೆಂಪಗೆ ಹರಿದು ಹೋಗುವುದು ನಿಂತು ಅಲ್ಲೇ ಇಂಗುತ್ತದೆ.

ಕುರಿಗಾರರನ್ನು ದೂರ ಇಡುವುದು ನನಗೆ ಒಪ್ಪಿಗೆ ಇಲ್ಲ. ನಮ್ಮ ಭಾಗದ ಬದುಕೇ ಕುರಿ, ಅಮೀನಗಡದ ಕುರಿ ಸಂತೆ ನೋಡಿದವರಿಗೆ ಗೊತ್ತು. ಹುಲ್ಲು ಬೀಜ ಉದುರಿಸುವ ತನಕ ಮೇಯಿಸಬೇಡಿ, ಆಮೇಲೆ ಬನ್ನಿ ಅಂತ ಮಾತಾಡಿಕೊಂಡಿದ್ದೇವೆ. ಹದವಾಗಿ ಮೇಯಿಸಿದರೆ ಬಯಲು ಬಯಲಾಗಿಯೇ ಉಳಿಯುತ್ತದೆ, ಬೆಂಕಿಗೆ ಆಹಾರವೂ ಕಡಿಮೆಯಾಗುತ್ತದೆ. ನಾಯಿ ವಿಷಯ ಕಷ್ಟದ್ದು. ಮುಧೋಳ ನಾಯಿಯ ಸೀಮೆ ಇದು, ನಾಯಿ ಮೇಲೆ ಜನರಿಗೆ ಪ್ರೀತಿ ಜಾಸ್ತಿ. ಆದರೆ ಚಿಂಕಾರ ಮರಿ ಹುಟ್ಟಿದ ಹೊಸದರಲ್ಲಿ ಹುಲ್ಲಿನಲ್ಲಿ ಅಲುಗದೆ ಮಲಗಿರುತ್ತದೆ, ಬಿಡುಬೀಸು ನಾಯಿಗೆ ಸುಲಭವಾಗಿ ಸಿಗುತ್ತದೆ. ನಾಯಿಯ ರೋಗ ತೋಳ, ನರಿಗೂ ಹರಡುತ್ತದೆ. ರಾತ್ರಿ ಕಟ್ಟಿ, ಲಸಿಕೆ ಹಾಕಿಸಿ, ಸತ್ತ ದನ ಬಯಲಿಗೆ ಎಸೆಯಬೇಡಿ, ಹೂಳಿ ಅಂತ ಮನೆ ಮನೆಗೆ ಹೇಳಿದೆ. ಎಲ್ಲರೂ ಕೇಳಿದರು ಅಂತ ಹೇಳಲಾರೆ. ಕೇಳಿದವರ ಹೊಲದ ಕಡೆ ವ್ಯತ್ಯಾಸ ಕಾಣುತ್ತದೆ.

ವ್ಯತ್ಯಾಸ ಹೇಗೆ ಅಳೆಯುವುದು? ಚಿಂಕಾರ ಕಾಣುವುದು ಅಪರೂಪ, ಆದರೆ ಅದರ ಹಿಕ್ಕೆ ಸುಳ್ಳು ಹೇಳುವುದಿಲ್ಲ. ಕುರಿ, ಮೇಕೆ ನಡೆಯುತ್ತಾ ಉದುರಿಸುತ್ತವೆ. ಚಿಂಕಾರ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ರಾಶಿ ಹಾಕುತ್ತದೆ. ನಸುಕಿನಲ್ಲಿ ಒಂದೇ ದಾರಿ ಹಿಡಿದು ನಡೆದು, ರಾಶಿ ಹಳೆಯದೋ ಹೊಸದೋ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಪ್ರಾಣಿ ಕಂಡರೆ ಕೊಂಬು ನೋಡಬೇಕು. ಗಂಡಿನದು ದಪ್ಪ, ಉಂಗುರ ಉಂಗುರ. ಹೆಣ್ಣಿಗೂ ಕೊಂಬುಂಟು, ಆದರೆ ಕಡ್ಡಿಯಂತೆ ತೆಳು. ಹುಲ್ಲು ಹಿಡಿದ ಪಟ್ಟಿಗಳಲ್ಲಿ ಈಗ ಹೊಸ ರಾಶಿಗಳು ಸಿಗುತ್ತವೆ, ಪೀಕಜಾಲಿ ಪಟ್ಟಿಯಲ್ಲಿ ಇಲ್ಲ.

ಪರಿಸರ ದಿನಕ್ಕೆ ಒಂದು ಶಾಲೆಯವರು ಸಸಿ ತಂದು, "ನಿಮ್ಮ ಖಾಲಿ ಹೊಲದಲ್ಲಿ ನೆಡುತ್ತೇವೆ" ಅಂದರು. ಪ್ರೀತಿಯಿಂದಲೇ ಬೇಡ ಅಂದೆ. ಕೃಷ್ಣಮೃಗಕ್ಕೆಂದು ಮೀಸಲಿಟ್ಟ ರಾಣೆಬೆನ್ನೂರಿನ ಧಾಮದಲ್ಲಿ ನೀಲಗಿರಿ ನೆಡುತೋಪು ಎಷ್ಟು ಜಾಗ ಹಿಡಿದಿದೆ ಅಂತ ಮಕ್ಕಳಿಗೆ ವಿವರಿಸಿದೆ. ಬಯಲು ಪ್ರಾಣಿಗೆ ತೋಪು ಮನೆಯಲ್ಲ. ಸಸಿಗಳನ್ನು ಶಾಲೆಯ ಅಂಗಳಕ್ಕೆ, ರಸ್ತೆ ಬದಿಗೆ ಹಾಕಿದರು. ದೀಪಾವಳಿ ರಜೆಯಲ್ಲಿ ಅದೇ ಮಕ್ಕಳು ಕರಡದ ಬೀಜ ಆರಿಸಲು ಬಂದರು. ಆ ಬೀಜದ ಮುಳ್ಳು ಬಟ್ಟೆಗೆ ಚುಚ್ಚಿ ಒಳಗೆ ಇಳಿಯುತ್ತದೆ. ಬರುವವರು ದಪ್ಪ ಪ್ಯಾಂಟು ಹಾಕಿಕೊಂಡು ಬನ್ನಿ.